ಬೋಲ್ಟ್ ಇಲ್ಲದ ಗೇರ್ ಲಿವರ್

ಹೆಸರು: ಕಿಬಿವೊಟ್, ತಂದೆ ಚೆಲಿಮೊ. ವಯಸ್ಸು: 41. ವೃತ್ತಿ: ಮೋಟಾರ್‌ಸೈಕಲ್ ರಿಪೇರಿ (ಇಲ್ಲಿನವರ ಬಾಯಲ್ಲಿ ಫುಂಡಿ). ವಾಸ: ಮಾರುಕಟ್ಟೆ ರಸ್ತೆ, ಚೆಪ್‌ಸಮೊ ಊರು, ಕೆರಿಯೊ ಕಣಿವೆಯ ಮೇಲಂಚು, ಕೀನ್ಯಾ.

ನಾನೇ ಠಾಣೆಗೆ ಓಡಿ ಬಂದು ತಿಳಿಸುತ್ತಿರುವುದೇನೆಂದರೆ,

ಇಂದು ಶನಿವಾರ ಮಧ್ಯಾಹ್ನ 2.40ರ ಸುಮಾರಿಗೆ ದೊಡ್ಡ ಟೂರಿಂಗ್ ಬೈಕೊಂದು ನನ್ನ ಅಂಗಡಿಗೆ ಬಂತು. ಓಡಿಸುತ್ತಿದ್ದವರು ನೈರೋಬಿಯ ಮುಸ್ಯೋಕಿ, ಸುಮಾರು ಐವತ್ತು ವರ್ಷ. ಹಿಂದೆ ಅವರ ಹೆಂಡತಿ ಸ್ಯೊಂಬುವಾ. ಎರಡೂ ಪಕ್ಕ ತುಂಬಿದ ಪೆಟ್ಟಿಗೆ, ಮೇಲೆ ಗುಡಾರದ ಗಂಟು. ಜೊತೆಯ ಸವಾರರು ಆಗಲೇ ಕಣಿವೆ ದಾಟಿ ಆಚೆಯ ಕಬರ್ನೆಟ್ ಪಟ್ಟಣ ಸೇರಿದ್ದರು. ಬೆಳಗಿನಿಂದ ಗೇರ್ ಲಿವರ್ ಅಲ್ಲಾಡುತ್ತಿದೆ, ಕಾಲಿಟ್ಟರೆ ಗಂಜಿಯಲ್ಲಿ ಸೌಟು ಆಡಿಸಿದಂತಿದೆ ಎಂದು ಮುಸ್ಯೋಕಿ ಹೇಳಿದರು.

ನಾನು ಹಿಡಿದು ನೋಡಿದೆ. ಇಂಜಿನ್‌ನಿಂದ ಹೊರಬರುವ ಹಲ್ಲಿನ ದಂಡ ಗಟ್ಟಿಯಾಗಿತ್ತು. ಅದನ್ನು ಕಚ್ಚಿಕೊಳ್ಳಬೇಕಾದ ಲಿವರ್ ಮಾತ್ರ ಸಡಿಲ. ಬಿಗಿ ಮಾಡಿದರೆ ಬೋಲ್ಟ್ ಸುಮ್ಮನೆ ಸುತ್ತುತ್ತಿತ್ತು. ತೆಗೆದೆ, ಥ್ರೆಡ್ ಪೂರ್ತಿ ಹೋಗಿತ್ತು. ಆ ಬೋಲ್ಟನ್ನು ತಮ್ಮ ಮೇಜಿನ ಮೇಲೆ ಇಟ್ಟಿದ್ದೇನೆ.

ಲಿವರ್ ಕಳಚಿ ಬೀಳದಿರಲಿ ಎಂದು ಹಳೆಯ ಟ್ಯೂಬಿನ ರಬ್ಬರ್ ಪಟ್ಟಿಯಿಂದ ಅದನ್ನು ಸುತ್ತಿ ಫುಟ್‌ರೆಸ್ಟಿನ ಕಂಬಿಗೆ ಕಟ್ಟಿದೆ. ಅದು ರಿಪೇರಿ ಅಲ್ಲ. ಆದರೆ ಕೋಳಿಗೂಡಿನಿಂದ ಲಾರಿ ಬಾಗಿಲಿನವರೆಗೆ ನಮ್ಮ ಜನ ಎಲ್ಲವನ್ನೂ ಅದರಲ್ಲೇ ಕಟ್ಟಿ, ಕೆಲಸ ಮುಗಿಯಿತು ಎನ್ನುತ್ತಾರೆ. ಗಾಡಿ ಮುಟ್ಟಬೇಡಿ ಎಂದು ಹೇಳಿದೆಯಾ ಎಂದು ತಾವು ಕೇಳಿದಿರಿ. ಹೇಳಲಿಲ್ಲ. "ಬೋಲ್ಟ್ ತರ್ತೀನಿ, ಚಹಾ ಕುಡೀತಿರಿ" ಎಂದಷ್ಟೇ ಹೇಳಿ ಹೋದೆ.

ಹಾರ್ಡ್‌ವೇರ್ ಅಂಗಡಿಗೆ ಬೀಗ ಹಾಕಿತ್ತು. ಮಾಲೀಕರು ಚರ್ಚಿನ ಹಾಡಿನ ಅಭ್ಯಾಸ ಮುಗಿಸಿ ಬರುವವರೆಗೆ ಕಾದೆ. ಬೋಲ್ಟ್ ಹಿಡಿದು 3.40ಕ್ಕೆ ವಾಪಸ್ ಬಂದಾಗ ಬೈಕ್ ಇರಲಿಲ್ಲ.

ಪಕ್ಕದ ಚಹಾ ಅಂಗಡಿಯ ಜೆಬೆಟ್ ಹೇಳಿದ್ದು ಹೀಗೆ: "ಹೋದ್ರಲ್ಲ ತಮ್ಮಾ, ಆಗಲೇ ಹತ್ತು ನಿಮಿಷ ಆಯ್ತು! ಚರ್ಚ್ ಗೇಟ್‌ವರೆಗೂ ಒಂದು ಸುತ್ತು ಹಾಕಿ ಬಂದು, ಎಲ್ಲಾ ಗೇರೂ ಬೀಳ್ತಿದೆ, ನಿಮ್ಮ ಫುಂಡಿ ರಬ್ಬರ್‌ನಲ್ಲೇ ಇಂಜಿನ್ ಕಟ್ಟೋ ಆಸಾಮಿ ಅಂತ ನಕ್ಕರು. ಆಯಮ್ಮ, ಬೋಲ್ಟ್ ಬರ್ಲಿ ರೀ, ಕಾಯೋಣ ಅಂದ್ಲು. ನಿಮ್ಮಪ್ಪನ ಗಾಡೀಲಿ ಬೋಲ್ಟ್ ಎಷ್ಟಿತ್ತು, ರಬ್ಬರ್ ಎಷ್ಟಿತ್ತು, ಸುಮ್ನೆ ಹತ್ಕೋ ಅಂತ ಯಜಮಾನ್ರು ರೇಗಿಸಿ ಹತ್ತಿಸ್ಕೊಂಡ್ರು."

ಸಮತಟ್ಟಿನಲ್ಲಿ, ರಬ್ಬರ್ ತಣ್ಣಗಿರುವಾಗ ಎಲ್ಲ ಗೇರೂ ಬೀಳುತ್ತದೆ. ಇಂಜಿನ್ ಶಾಖಕ್ಕೆ ರಬ್ಬರ್ ಮೆತ್ತಗಾದರೆ ಲಿವರ್ ದಂಡದ ಮೇಲೆ ಜಾರುತ್ತದೆ, ಕೆಳಗಿನ ಗೇರ್ ಬೀಳುವುದಿಲ್ಲ. ಆಗ ಆ ಭಾರವನ್ನು ಕಣಿವೆಯ ಇಳಿಜಾರಿನಲ್ಲಿ ತಡೆಯಲು ಬ್ರೇಕ್ ಒಂದೇ. ಅದೂ ಕಾದು ಸೋಲುತ್ತದೆ.

ಅವರ ಫೋನ್ ನಂಬರ್ ನನ್ನಲ್ಲಿಲ್ಲ. ಬಾಡಿಗೆ ಬೈಕ್ ಓಡಿಸುವ ತಾಲಮ್‌ನನ್ನು ಅವರ ಬೆನ್ನಹಿಂದೆ ಕಳಿಸಿದೆ. 3.58ಕ್ಕೆ ಅವನು ಫೋನ್ ಮಾಡಿ, "ಅಣ್ಣಾ, ಮೂರನೇ ತಿರುವಲ್ಲಿ ಬ್ರೇಕ್ ಸುಟ್ಟ ವಾಸನೆ. ಗುಡಾರದ ಗಂಟು ರಸ್ತೇಲಿ ಬಿದ್ದಿದೆ. ಗಾಡಿ ಕಾಣ್ತಿಲ್ಲ" ಎಂದ. ಆಮೇಲೆ ಅವನ ಫೋನ್ ಸಿಗುತ್ತಿಲ್ಲ.

ನಾನು ಇಲ್ಲಿಗೆ ಬಂದದ್ದು 4.02ಕ್ಕೆ. ಸಂತೆಯ ದಿನವಾದ್ದರಿಂದ ಕೆಳಗಿನ ಸೇತುವೆಯ ಮುಂದೆ ತಮ್ಮ ಸಿಬ್ಬಂದಿ ವಾಹನ ತಡೆಯಲು ರಸ್ತೆಗೆ ಅಡ್ಡಲಾಗಿ ಮೊಳೆ ಹಲಗೆ ಹಾಕಿರುತ್ತಾರೆ. ನಿಲ್ಲಿಸಲಾಗದ ಬೈಕ್ ಅದರ ಮೇಲೆ ಬಂದರೆ ಇಬ್ಬರೂ ಉಳಿಯುವುದಿಲ್ಲ. ಹಲಗೆ ಎಳೆದುಬಿಟ್ಟರೆ ಸೇತುವೆಯ ಆಚೆ ರಸ್ತೆ ಏರು, ಬೈಕ್ ತಾನಾಗಿ ನಿಧಾನವಾಗುತ್ತದೆ. ಇದನ್ನು ಬಂದ ಕೂಡಲೇ ಹೇಳಿದೆ. ಅದಕ್ಕೆ ಕರ್ತವ್ಯದಲ್ಲಿರುವ ತಾವು, "ಬಾಯಿಮಾತಿಗೆ ತಡೆ ತೆಗೆಸಿದ್ರೆ, ಅದೇ ಹೊತ್ತಿಗೆ ಕಳ್ಳಮಾಲು ದಾಟಿದ್ರೆ, ನನ್ನ ಟೋಪಿ ಹೋಗುತ್ತೆ ಫುಂಡಿ. ಬರಹದಲ್ಲಿ ಕೊಡು. ಮೊದಲು ಹೆಸರು ಹೇಳು" ಎಂದಿರಿ. ಹೆಸರು ಹೇಳಿದೆ. ತಂದೆಯ ಹೆಸರೂ ಹೇಳಿದೆ.

ನಾನು ಹೇಳಿದ್ದೆಲ್ಲ ನಿಜ, ಬರೆದದ್ದು ಹೇಳಿದಂತೆಯೇ ಇದೆ. ಓದಿ ಹೇಳುವುದು ಬೇಡ.

ಸ್ಥಳ: ಚೆಪ್‌ಸಮೊ
ದಿನಾಂಕ: 14 ಆಗಸ್ಟ್ 2021, ಸಂಜೆ 4.19
ಸಹಿ: ಕಿಬಿವೊಟ್

ಸಹಿಯ ಕೆಳಗೆ ಹೇಳಿಕೆದಾರರ ಕೈಬರಹ: ಸಹಿ ಆಯಿತು. ಹಲಗೆ ಎಳೆಸಿ.