ಗಲ್ಲಾದ ಹಿಂದಿನ ಕತ್ತಿ

ಸಿದ್ದಾಪುರದ ಬಸ್ ನಿಲ್ದಾಣದಲ್ಲಿ ಕೂತಿದ್ದ ಟೈಲರ್ ಚಂದ್ರಿಕಾಗೆ ಬೆನ್ನ ಹಿಂದಿನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಮುಚ್ಚಿಹೋಗಿದ್ದ ಬಾರಿನ ಯಜಮಾನ ಶಾಂತಪ್ಪ, ಎಸ್ಟೇಟಿನ ಕೂಲಿ ಲೈನ್‌ಮನೆಯ ಪುಟ್ಟಗೌರಮ್ಮನಿಗೆ ಹೇಳುತ್ತಿದ್ದ.

"ಬರೋ ತಿಂಗ್ಳು ಬಾರ್ ಮತ್ತೆ ತೆಗೀತೀನಿ ಕಣಮ್ಮ. ನಿಂಗೆ ಮೊದ್ಲೇ ಹೇಳ್ಬೇಕು ಅನ್ನಿಸ್ತು."

"ತೋಟದ ಕತ್ತಿ ಇಸ್ಕೊಂಡೇ ಒಳಗೆ ಬಿಡೋದಾ, ಮುಂಚಿನ ಹಾಗೆ?"

"ಹೂಂ ಮತ್ತೆ. ಕುಡಿಯೋರ ಕತ್ತಿ ಗಲ್ಲಾದ ಹಿಂದೆ ಇಟ್ಕೊಂಡೇ ಗ್ಲಾಸು ಕೊಡೋದು. ಗ್ಲಾಸು ಖಾಲಿ ಮಾಡಿ ಹೊರಟೋರಿಗೆ ಮಾತ್ರ ವಾಪಸ್. ನಮ್ಮಪ್ಪನ ಕಾಲದಿಂದ್ಲೂ ಅದೇ."

"ಅವತ್ತು ದಿನೇಶಂಗೆ ವಾಪಸ್ ಕೊಟ್ರಲ್ಲ."

"ಹೊರಟೆ ಅಂದ, ಕೊಟ್ಟೆ. ಬಾಗ್ಲಿಂದ ತಿರುಗಿ ಬಂದು ನಿನ್ನ ಗಂಡನ ಮೇಲೆ ನುಗ್ತಾನೆ ಅಂತ ಯಾರಿಗೆ ಗೊತ್ತಿತ್ತು?"

"ನನ್ನ ಗಂಡನೂ ಕೂಗ್ದ. ಶಾಂತಪ್ಪಣ್ಣ, ನನ್ನ ಕತ್ತಿ ಕೊಡಿ ಅಂತ."

"ಅವ್ನ ಗ್ಲಾಸಿನ್ನೂ ಖಾಲಿಯಾಗಿರ್ಲಿಲ್ಲ ಕಣಮ್ಮ."

"ಬರಿಗೈ ಅಡ್ಡ ಹಿಡ್ದ. ಮೊದ್ಲು ಬೆರಳು ಹೋದ್ವು, ಆಮೇಲೆ ಕುತ್ತಿಗೆ."

ಚಂದ್ರಿಕಾ ಮಡಿಲಲ್ಲಿದ್ದ ಕೈಗಳನ್ನು ಗಟ್ಟಿಯಾಗಿ ಮುಷ್ಟಿ ಮಾಡಿಕೊಂಡಳು.

"ಅದಕ್ಕೇ ಅಲ್ವಾ ನಾನು ಇಷ್ಟು ವರ್ಷ ಬೀಗ ಹಾಕಿದ್ದು?"

"ದಿನೇಶ ಜೈಲಿಂದ ಬಂದವ್ನೆ. ನೀವು ಬಾಗ್ಲು ತೆಗೆದ ದಿನ ಬಂದೇ ಬರ್ತಾನೆ. ನನ್ನ ಮಗನೂ ಬರ್ತಾನೆ."

"ನಿನ್ನ ಮಗ ಕುಡಿಯಲ್ವಲ್ಲ?"

"ಕುಡಿಯಲ್ಲ. ಅದಕ್ಕೇ ಅವನ ಕತ್ತಿ ಇಸ್ಕೋಬೇಡಿ."

ವಿರಾಜಪೇಟೆ ಬಸ್ಸು ಬಂತು. ಪುಟ್ಟಗೌರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದಳು. ಅದೇ ಬಸ್ಸಿಗೆಂದು ಕಾದಿದ್ದ ಶಾಂತಪ್ಪ ಹತ್ತಲಿಲ್ಲ.