ಹುಲ್ಲಿನ ಮೇಲೆ ಎಂಟು ಬಟ್ಟಲು

ವಿಜಯನಗರದಿಂದ ಹೊರಟ ಬಸ್ಸಿನಲ್ಲಿ ನನ್ನ ಮುಂದೆ ಒಂದೇ ಮನೆಯ ಮಾಲಿಯೂ ಮನೆಗೆಲಸದ ಹೆಂಗಸೂ ಕುಳಿತಿದ್ದರು.

“ಹುಲ್ಲೆಲ್ಲ ಒಣಗೋಯ್ತು ಮುದ್ದಕ್ಕ. ಸಾಹೇಬ್ರು ನನ್ನ ಕೆಲ್ಸ ಬುಡುಸ್ತೀನಿ ಅಂತವ್ರೆ.”

“ನೀರು ಬುಡ್ಬೇಕಲ್ವಾ ಮಂಟಯ್ಯ?”

“ಬುಡೋಕೆ ಅವ್ರು ಬುಡ್ಬೇಕಲ್ಲ. ಸ್ಪ್ರಿಂಕ್ಲರ್ ಎಷ್ಟು ನೀರು ಹಾಕ್ತದೆ ಅಂತ ಅಳೆಯೋಕೆ ದಿನಾ ಹುಲ್ಲಿನ ಮೇಲೆ ಎಂಟು ಬಟ್ಟಲು ಇಡುಸ್ತಾರೆ. ಮೊದ್ಲು ಅರ್ಧ ಗಂಟೆ ಬುಟ್ಟೊ, ಎಂಟೂ ಭರ್ತಿ. ನೀರು ಜಾಸ್ತಿ ಆಯ್ತು ಅಂತ ಹತ್ತು ನಿಮಿಷಕ್ಕೆ ಇಳ್ಸಿದ್ರು. ಆಗ್ಲೂ ಭರ್ತಿ. ಈಗ ಎರಡೇ ನಿಮಿಷ.”

“ಆ ಸ್ಟೀಲ್ ಬಟ್ಟಲುಗಳಾ?”

“ಹೂಂ.”

“ಅವು ಹಕ್ಕಿಗೆ ಇಟ್ಟಿದ್ದಲ್ವಾ?”

“ಹಕ್ಕಿಗೆ ಎಂಟು ಬಟ್ಟಲು ಯಾಕಕ್ಕ?”

“ಬೇಸ್ಗೆ ಅಲ್ವಾ, ಸಾಹೇಬ್ರಿಗೆ ಒಳ್ಳೆ ಬುದ್ಧಿ ಬಂದದೆ ಅಂದ್ಕಂಡೆ. ತಳದಲ್ಲಿ ಒಂಚೂರೇ ನೀರಿರೋದು. ಪಾಪ ಅಂತ ದಿನಾ ನಾನೇ ಚೊಂಬಲ್ಲಿ ತಂದು ತುಂಬುಸ್ತಿದ್ದೆ.”

ಮಂಟಯ್ಯ ಸೀಟಿನಲ್ಲೇ ಅವಳ ಕಡೆ ತಿರುಗಿ ಕುಳಿತ.

“ನಾಳೆ ತುಂಬುಸ್ಬೇಡಿ ಅಕ್ಕ. ಕೈ ಮುಗೀತೀನಿ.”

“ಇಲ್ಲ ಬುಡಪ್ಪ, ನಿನ್ನ ಹೊಟ್ಟೆ ಮೇಲೆ ಹೊಡೀತೀನಾ?”

ಸ್ಟಾಪು ಬಂತು. ಮುದ್ದಕ್ಕ ಚೀಲ ಎತ್ತಿಕೊಂಡು ಬಾಗಿಲ ತನಕ ಹೋಗಿ ತಿರುಗಿದಳು.

“ಒಂದಕ್ಕೆ ಮಾತ್ರ ಹಾಕ್ತೀನಿ ಕಣಪ್ಪ. ಗೊರವಂಕ ಎರಡು ಬಂದು ಕಾಯ್ತಾ ಕೂತಿರ್ತವೆ.”