ಹದಿನೇಳರ ತಗಡು

ಇದು ಯಾರೋ ಯಾರಿಗೋ ಹೇಳಿದ ಕತೆಯಲ್ಲ. ನಮ್ಮ ಗೋಡೆಗೆ ಗೋಡೆ ಅಂಟಿದ ಮನೆಯ ನೆವಿಯೋಗೆ ಆದದ್ದು. ನಗುವವರು ಈಗಲೇ ನಕ್ಕುಬಿಡಿ.

ನವೆಂಬರ್ ಒಂದು, ಸತ್ತವರ ದಿನದ ಹಿಂದಿನ ರಾತ್ರಿ. ಕೊನೆಯ ಬಸ್ಸು ನೆವಿಯೋನನ್ನು ಕೆರೆಯ ತಿರುವಿನಲ್ಲಿ ಇಳಿಸಿ ಹೋಯಿತು. ಮಂಜು… ತನ್ನ ಬೂಟು ತನಗೇ ಕಾಣದಷ್ಟು ಮಂಜು. ಹೆಗಲ ಚೀಲದಲ್ಲಿ ತಗಡುಗಳು ಹೆಜ್ಜೆಗೊಮ್ಮೆ ಟಕ್… ಟಕ್… ಅನ್ನುತ್ತಿದ್ದವು.

ಆ ತಗಡುಗಳೇ ಅವನ ಕಸುಬು. ರೇಸ್ ಕಾರಿನಲ್ಲಿ ಡ್ರೈವರು ಒಬ್ಬನೇ ಕೂತಿರುತ್ತಾನೆ, ಆ ಗದ್ದಲದಲ್ಲಿ ಕೂಗಿದರೆ ಕೇಳಿಸುವುದಿಲ್ಲ. ಹಿಂದಿನವನು ಎಷ್ಟು ಸೆಕೆಂಡು ದೂರ ಇದ್ದಾನೆ ಅನ್ನುವ ಅಂಕಿಯನ್ನು ಹಲಗೆಗೆ ಸಿಕ್ಕಿಸಿ, ಸುತ್ತಿಗೊಮ್ಮೆ ಟ್ರ್ಯಾಕಿನ ಪಕ್ಕದ ಗೋಡೆಯಾಚೆ ಹಿಡಿದು ತೋರಿಸಬೇಕು. ನೆವಿಯೋ ತೋರಿಸುತ್ತಿದ್ದದ್ದು ದೊರಿನೋಗೆ. ಇಬ್ಬರೂ ಒಂದೇ ಬೀದಿಯವರು, ಒಂದೇ ಸೈಕಲ್ಲಿನಲ್ಲಿ ಶಾಲೆಗೆ ಹೋದವರು.

ಚೀಲದಲ್ಲಿ ಒಂದರಿಂದ ಇಪ್ಪತ್ತರವರೆಗೆ ಒಂದೊಂದು ಅಂಕಿಗೆ ಒಂದೊಂದು ತಗಡು. ಹದಿನೇಳರದ್ದನ್ನು ಮಾತ್ರ ಅಂಗಡಿಯ ಕಾಗದದಿಂದ ಬಿಚ್ಚಿಯೇ ಇರಲಿಲ್ಲ. ಇಟಲಿಯವರಾದ ನಾವು ಆ ಅಪಶಕುನದ ಅಂಕಿಯನ್ನು ಮುಟ್ಟುವುದುಂಟೇ? ಅಂತರ ಹದಿನೇಳೇ ಇದ್ದರೂ ಹದಿನಾರು ಅಂತಲೇ ತೋರಿಸುವುದು.

ಒಮ್ಮೆ ವೈನ್ ಕುಡಿಯುತ್ತಾ ದೊರಿನೋ ಅಂದಿದ್ದ, “ಯಾವತ್ತಾದ್ರೂ ಯಾರಾದ್ರೂ ನಿನ್ ಕೈಲಿ ನಂಗೆ ಸುಳ್ಳು ಹೇಳಿಸಿದ್ರೆ, ಹದಿನೇಳು ಸಿಕ್ಸೋ. ನಂಗೆ ಗೊತ್ತಾಗತ್ತೆ.”

“ಅದನ್ನ ಮುಟ್ಟಿ ನಾನು ಸಾಯ್ಲಾ?”

“ಸತ್ರೆ ಸೈಕಲ್ ನಂಗೇ ಬರತ್ತೆ ಬಿಡು.”

ಆ ಸೆಪ್ಟೆಂಬರಿನಲ್ಲಿ ಯುರೋಪ್ ಚಾಂಪಿಯನ್‌ಶಿಪ್ಪಿನ ಕೊನೆಯ ರೇಸು ನಮ್ಮ ಕೆರೆಯ ಸುತ್ತಲೇ ನಡೆಯಿತು. ದೊರಿನೋ ಮುಂದಿದ್ದ. ಮೂರೇ ಸೆಕೆಂಡು ಹಿಂದೆ ಅದೇ ತಂಡದ ಇನ್ನೊಂದು ಕಾರು, ಅದರಲ್ಲಿ ಮಾಲೀಕನ ಅಳಿಯ. ಮಾಲೀಕ ನೆವಿಯೋನ ಕಿವಿಗೆ ಬಾಯಿಟ್ಟ. “ಹದಿನೆಂಟು ಅಂತ ತೋರ್ಸು. ಎಂಜಿನ್ ಉಳಿಸ್ಕೊಳ್ಳೋಕೆ ನಿಧಾನ ಮಾಡ್ತಾನೆ. ಬರೋ ವರ್ಷ ನೀನೇ ಹೆಡ್ ಮೆಕ್ಯಾನಿಕ್.”

ನೆವಿಯೋನ ಕೈ ಚೀಲದ ತಳಕ್ಕೆ ಹೋಯಿತು. ಕಾಗದಕ್ಕೆ ಕಟ್ಟಿದ ದಾರದ ಗಂಟು ಬೆರಳಿಗೆ ತಾಗಿತು… ಆದರೂ ಹದಿನೆಂಟನ್ನೇ ತೆಗೆದು ಸಿಕ್ಕಿಸಿದ.

ಗೆಳೆಯನ ಕೈ ನಂಬಿ ದೊರಿನೋ ನಿಧಾನಿಸಿದ. ಅಳಿಯ ಪಕ್ಕದಿಂದ ನುಗ್ಗಿ ಹೋದ. ಕೊನೆಯ ಸುತ್ತಿನಲ್ಲಿ ಅವನನ್ನು ಅಟ್ಟಿಸಿಕೊಂಡು ಹೋದ ದೊರಿನೋ, ಜೊಂಡು ಸೀಳಿಕೊಂಡು ಕೆರೆಗೆ ಬಿದ್ದ. ಹೆಣ ತೆಗೆಯುವಾಗ ಸಂಜೆಯಾಗಿತ್ತು. ಗೆದ್ದೆನೆಂದು ಮೈಮರೆತ ಅಂತ ಪತ್ರಿಕೆಗಳು ಬರೆದವು. ಅವನ ತಾಯಿ ಎಲ್ವೀರಾ ಪ್ರತಿ ಭಾನುವಾರ ಚರ್ಚಿನ ಮೆಟ್ಟಿಲಲ್ಲಿ ನೆವಿಯೋನ ತೋಳು ಹಿಡಿದು ಕೇಳುತ್ತಿದ್ದಳು, “ನನ್ ಮಗ ಯಾಕೋ ನಿಧಾನ ಮಾಡ್ದ?” ಇವನು ಪ್ರತಿ ಭಾನುವಾರ “ಗೊತ್ತಿಲ್ಲ ಅತ್ತೆ” ಅನ್ನುತ್ತಿದ್ದ. ಹಾಗಂದು ಮನೆಗೆ ಬಂದು ಊಟ ಬಿಡುತ್ತಿದ್ದ.

ಆ ನವೆಂಬರ್ ಒಂದರಂದು, ರಜೆಯ ದಿನವಾದರೂ, ಮಾಲೀಕ ಕರೆಸಿದ್ದ. ಹೊಸ ಕೆಲಸಕ್ಕೇ ಇರಬೇಕೆಂದು ನೆವಿಯೋ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿದ್ದ. ಮಾಲೀಕ ತಗಡುಗಳ ಚೀಲವನ್ನು ಅವನ ಕೈಗಿಟ್ಟ. “ಗೆಳೆಯನಿಗೇ ಸುಳ್ಳು ತೋರ್ಸಿದೋನು ನಾಳೆ ನಂಗೆ ತೋರ್ಸಲ್ವಾ? ಹೋಗು.”

ಮಂಜಿನಲ್ಲಿ ನಡೆಯುತ್ತಿದ್ದ ನೆವಿಯೋಗೆ ಎಲ್ವೀರಾಳ ಮನೆ ಮುಂದಿನ ಬಾವಿ ಎದುರಾಯಿತು. ರಾಟೆ ಕಿರ್… ಕಿರ್… ಅಂದಿತು. ಗಾಳಿ ಇರಲಿಲ್ಲ. ನೆವಿಯೋ ನಿಂತ. ಅವನು ನಿಂತರೂ ತಗಡುಗಳು ನಿಲ್ಲಲಿಲ್ಲ. ಟಕ್… ಟಕ್…

ಮಂಜಿನಾಚೆ ಒಂದು ಎಂಜಿನ್ನು. ಮೊದಲು ಸಣ್ಣಗೆ ಗುಂಯ್… ಆಮೇಲೆ ಗೇರು ಇಳಿಸಿದ ಎರಡು ಸದ್ದು, ಭುರ್… ಭುರ್… ದೊರಿನೋ ಆ ತಿರುವಿನಲ್ಲಿ ಇಳಿಸುತ್ತಿದ್ದ ಹಾಗೇ. ಬೆಳಕಿಲ್ಲ. ಕಾರಿಲ್ಲ. ಸದ್ದು ಬಾವಿಯ ಬಳಿ ಬಂದು ತಟ್ಟನೆ ನಿಂತಿತು. ಮಿಕ್ಕದ್ದು ನೀರು ತೊಟ್ಟಿಕ್ಕುವ ಸದ್ದೊಂದೇ.

“ಎಷ್ಟೋ, ನೆವಿಯೋ?”

ಪಿಸುಮಾತು. ಕಿವಿಯ ಪಕ್ಕದಲ್ಲೇ.

“ದೊರಿನೋ…”

“ಎಷ್ಟು?”

“ಮೂರು. ಮೂರೇ ಇತ್ತು ಕಣೋ.”

ತೊಟ್… ತೊಟ್…

“ನಂಗಲ್ಲ. ಅಮ್ಮಂಗೆ ಹೇಳು.”

ನೆವಿಯೋ ಹೇಗೆ ಅಂಗಳ ದಾಟಿದನೋ ಅವನಿಗೇ ಗೊತ್ತಿಲ್ಲ. ಸತ್ತವರು ಮನೆಗೆ ಬರುತ್ತಾರೆಂದು ಆ ರಾತ್ರಿ ಯಾರೂ ಚಿಲಕ ಹಾಕುವುದಿಲ್ಲ. ಒಳಗೆ ಮೇಜಿನ ಮೇಲೆ ಸತ್ತವರಿಗೆಂದು ಬ್ರೆಡ್ಡು, ಒಂದು ಹೂಜಿ ನೀರು. ಎಲ್ವೀರಾ ಎಚ್ಚರವಾಗೇ ಕೂತಿದ್ದಳು.

“ಅತ್ತೆ, ಅವನು ನಿಧಾನ ಮಾಡಿದ್ದು ನನ್ನಿಂದ. ನಾನು ಸುಳ್ಳು ತೋರ್ಸ್ದೆ. ಅವನು ನಂಬ್ದ.”

ಎಲ್ವೀರಾ ಬ್ರೆಡ್ಡಿನ ಪಕ್ಕದ ಬಟ್ಟೆ ಸರಿಸಿದಳು. ಅಡಿಯಲ್ಲಿ ಹದಿನೇಳರ ತಗಡು, ಒದ್ದೆ, ಮೂಲೆಗೆ ಜೊಂಡಿನ ಎಳೆ ಅಂಟಿಕೊಂಡಿತ್ತು.

“ಮಧ್ಯಾಹ್ನ ನೀರು ಸೇದಿದಾಗ ಬಕೆಟ್ಟಲ್ಲಿ ಬಂತು. ನಿಂದೇ ತಾನೆ?”

ನೆವಿಯೋ ಚೀಲ ಸುರಿದ. ಅಂಗಡಿಯ ಕಾಗದದ ಪೊಟ್ಟಣ ಹಾಗೇ ಇತ್ತು. ದಾರದ ಗಂಟು ಬಿಚ್ಚಿರಲಿಲ್ಲ. ಎತ್ತಿದರೆ ಹಗುರ. ಒಳಗೆ ಏನೂ ಇರಲಿಲ್ಲ.

“ಹದಿನೇಳರ ಮಾತು ನಂಗೂ ಹೇಳಿದ್ದ ಅವನು,” ಅಂದಳು ಎಲ್ವೀರಾ. “ಅವನು ನಿಧಾನ ಮಾಡೋದಾದ್ರೆ ನಿನ್ ಅಂಕಿ ನಂಬಿಯೇ. ಅದಕ್ಕೇ ಭಾನುವಾರ ಭಾನುವಾರ ನಿನ್ನನ್ನೇ ಕೇಳ್ತಿದ್ದೆ.”

ಕೂತ್ಕೋ ಅಂತ ಅವಳು ಹೇಳಲಿಲ್ಲ.

ಆ ತಗಡು ಈಗ ಅವಳ ಒಲೆಯ ಮೇಲಿನ ಮೊಳೆಯಲ್ಲಿದೆ. ಕೆಳಗೆ ದಿನವಿಡೀ ಬೆಂಕಿ ಉರಿಯುತ್ತದೆ. ನಂಬದವರು ನಂಬಬೇಡಿ, ಆದರೆ ಕಳೆದ ವಾರ ನಾನೇ ಅದನ್ನು ಒಣಬಟ್ಟೆಯಲ್ಲಿ ಒರೆಸಿ ನೇತುಹಾಕಿದೆ. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಕೆಳಗಿನ ಮೂಲೆಯಿಂದ ಒಂದು ಹನಿ ಒಲೆಗೆ ಬಿತ್ತು. ಚುಸ್… ಅಂದಿತು.